ಅಪ್‌ಡೇಟ್: ಕಾರಿನ ಮೇಲೆ ಬಿದ್ದ ಮರ ಕೊನೆಗೂ ತೆರವಾಯಿತು

ಮೊನ್ನೆ ಕೇಳಿದ್ದೆನಲ್ಲ, ಬೆಂಗಳೂರಿನ ಮಳೆಗಾಳಿಗೆ ಬೀದಿಯ ಗುಲ್‌ಮೊಹರ್ ನಮ್ಮ ಕಾಂಪೌಂಡ್ ಮುರಿದು ಕಾರಿನ ಮೇಲೆ ಬಿದ್ದಿದೆ, ನಾವೇ ಕಡಿಸಬಹುದಾ ಅಂತ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

"ಮೊದಲು ಕರೆಂಟ್ ನೋಡಿ" ಅಂದವರಿಗೆ ಒಂದು ಕಾಫಿ ಬಾಕಿ. ಎಲೆಗಳ ನಡುವೆ ನಿಜವಾಗಿಯೂ ಒಂದು ತಂತಿ ಸಿಕ್ಕಿಕೊಂಡಿತ್ತು. ನಾನು ಅದನ್ನು ಕೇಬಲ್ ಟಿವಿ ವೈರ್ ಅಂದುಕೊಂಡಿದ್ದೆ! ಬೆಸ್ಕಾಂನ (ಕರೆಂಟ್ ಕಂಪನಿ) ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಆಗುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ.

ಪಾಲಿಕೆಯ ಮರ ತೆಗೆಯುವವರು ಬಂದದ್ದು ಎರಡನೇ ದಿನ ಸಂಜೆ. ಅಷ್ಟರಲ್ಲಿ ಒಬ್ಬ ಖಾಸಗಿಯವನು ಬಂದು ಬಾಯಿಗೆ ಬಂದ ರೇಟು ಹೇಳಿ ಹೋಗಿದ್ದ. ಸುಮ್ನೆ ಕಾದದ್ದೇ ಒಳ್ಳೆಯದಾಯಿತು.

ಕೆಲಸ ನೋಡಬೇಕಿತ್ತು. ಕಾರಿನ ಮೇಲೆ ಬಿಲ್ಲಿನಂತೆ ಬಾಗಿದ್ದ ಕೊಂಬೆಯನ್ನು ಅವರು ನೇರವಾಗಿ ಕುಯ್ಯಲಿಲ್ಲ. ಮೊದಲು ಹಗ್ಗ ಕಟ್ಟಿದರು, ತುದಿಯ ರೆಂಬೆಗಳನ್ನು ಸವರಿದರು, ಆಮೇಲೆ ಕೊಂಬೆ ಬಾಗಿದ ಒಳಗಡೆ ಸಣ್ಣ ಗೀರು ಹಾಕಿದರು. ಹೊರಗಡೆಯಿಂದ ಒಂದೇ ಸಲಕ್ಕೆ ಕುಯ್ದರೆ ಸಿಡಿದು ಮುಖಕ್ಕೇ ಹೊಡೆಯುತ್ತಂತೆ. ಮೊನ್ನೆ ನಾನೇ ಮಚ್ಚು ಹಿಡಿದು ಹೊರಟಿದ್ದೆ!

ಕಾರಿಗೆ ಕಾಂಪ್ರಹೆನ್ಸಿವ್ ಪಾಲಿಸಿ (ನಮ್ಮ ಕಾರಿನ ಹಾನಿಗೂ ಸೇರಿದ ವಿಮೆ) ಇದ್ದಿದ್ದರಿಂದ ಕ್ಲೈಮ್ ಹಾಕಿದ್ದೇನೆ. ಬೇರೆಯವರಿಗಾದ ಹಾನಿಗಷ್ಟೇ ಇರುವ ಥರ್ಡ್ ಪಾರ್ಟಿ ಆಗಿದ್ದರೆ ಇದಕ್ಕೆ ಏನೂ ಬರುತ್ತಿರಲಿಲ್ಲ. ಮರ ಎತ್ತುವ ಮೊದಲೇ ಫೋಟೋ ತೆಗೆದಿದ್ದು ಹಾನಿ ಅಂದಾಜು ಮಾಡುವ ವಿಮಾ ಸರ್ವೇಯರ್‌ಗೆ ತೋರಿಸಲು ಅನುಕೂಲವಾಯಿತು.

ಪಕ್ಕದಲ್ಲಿ ಇನ್ನೊಂದು ಮರ ವಾಲಿ ನಿಂತಿದೆ. ಅದನ್ನು ನಾವಾಗಿ ಮುಟ್ಟುವಂತಿಲ್ಲ, 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಟ್ರೀ ಆಫೀಸರ್ (ಮರ ಕಡಿಯಲು ಒಪ್ಪಿಗೆ ಕೊಡುವ ಅಧಿಕಾರಿ) ಅನುಮತಿ ಬೇಕು. ಅರ್ಜಿ ಕೊಟ್ಟಿದ್ದೇನೆ. ಅಲ್ಲಿಯವರೆಗೆ ಕಾರು ಮಾವನ ಮನೆಯಲ್ಲಿ.