ಅಪಘಾತವನ್ನು ದತ್ತಾಂಶ ಮೊದಲೇ ಹೇಳಬಲ್ಲದೇ?

ಬಾನಾಡಿ: ವಿಮಾನ ಬಿದ್ದ ಮೇಲಷ್ಟೇ ಬ್ಲ್ಯಾಕ್‌ಬಾಕ್ಸ್ ಹುಡುಕುತ್ತಿದ್ದ ಕಾಲ ಹೋಯಿತು. ಈಗ ಏನೂ ಆಗದೆ ಇಳಿದ ವಿಮಾನದ ದಾಖಲೆಯನ್ನೂ ಓದುತ್ತಾರೆ. 27,000 ಕಿಲೋಗ್ರಾಂಗಿಂತ ಹೆಚ್ಚು ತೂಕದ ವಿಮಾನ ಹಾರಿಸುವ ಸಂಸ್ಥೆಗಳು ಇಂಥ ವಿಶ್ಲೇಷಣೆ ನಡೆಸಲೇಬೇಕೆಂದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮವೇ ಇದೆ. ವೇಗವೋ ಎತ್ತರವೋ ಹದ ತಪ್ಪಿ ರನ್‌ವೇಯತ್ತ ಅಸ್ಥಿರವಾಗಿ ಬಂದ ವಿಮಾನಗಳಲ್ಲಿ ನೂರಕ್ಕೆ ಸುಮಾರು 97 ಮತ್ತೆ ಮೇಲೇರದೆ ಇಳಿದೇಬಿಡುತ್ತವೆ ಎಂಬುದು ಗೊತ್ತಾದದ್ದು ಇಂಥ ಅಧ್ಯಯನದಿಂದಲೇ. ಅವುಗಳಲ್ಲಿ ಬಹುಪಾಲು ಕ್ಷೇಮವಾಗಿ ಇಳಿಯುವುದರಿಂದ ಯಾವ ತನಿಖೆಯ ಕಣ್ಣಿಗೂ ಬೀಳುತ್ತಿರಲಿಲ್ಲ. ಅಪಘಾತವನ್ನು ಮೊದಲೇ ಕಾಣಬಹುದು ಎನ್ನಲು ಇನ್ನೇನು ಬೇಕು?

ರನ್‌ವೇ ಅಂಚು: ‘ಮೊದಲೇ ಕಾಣಬಹುದು’ ಎಂಬ ಮಾತಿಗೆ ಒಂದೇ ಉದಾಹರಣೆ ಸಾಕು. 2018ರ ಅಕ್ಟೋಬರ್ 29ರಂದು ಲಯನ್ ಏರ್ 610 ಎಂಬ ಬೋಯಿಂಗ್ 737 ಮ್ಯಾಕ್ಸ್ ವಿಮಾನ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತ ಮೇಲೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಒಂದು ಅಂದಾಜು ಮಾಡಿತು. ಒಂದೇ ಸಂವೇದಕದ ತಪ್ಪು ಮಾಹಿತಿಯನ್ನು ನಂಬಿ ವಿಮಾನದ ಮೂತಿಯನ್ನು ಕೆಳಕ್ಕೆ ತಳ್ಳುವ ತಂತ್ರಾಂಶದ ದೋಷವನ್ನು ಸರಿಪಡಿಸದಿದ್ದರೆ ಮ್ಯಾಕ್ಸ್ ವಿಮಾನಗಳ ಬಳಕೆಯ ಅವಧಿಯಲ್ಲಿ ಇನ್ನೂ 15ಕ್ಕೂ ಹೆಚ್ಚು ಮಾರಣಾಂತಿಕ ಅಪಘಾತಗಳು ಆಗಬಹುದೆಂದು ಅದರಲ್ಲಿ ಬಂದಿತ್ತು. ಹಾರಾಟ ಮಾತ್ರ ನಿಲ್ಲಲಿಲ್ಲ. 2019ರ ಮಾರ್ಚ್ 10ರಂದು ಅದೇ ಮಾದರಿಯ ಇಥಿಯೋಪಿಯನ್ 302 ಬಿದ್ದು 157 ಮಂದಿ ತೀರಿಕೊಂಡರು. ಕಂಡಿದ್ದರು, ಸ್ವಾಮಿ. ಕಂಡು ಮಾಡಿದ್ದೇನು?

ಬಾನಾಡಿ: ‘ಕಂಡಿದ್ದರು’ ಎಂದು ತಾವೇ ಒಪ್ಪಿಕೊಂಡಿದ್ದೀರಿ, ಸಂತೋಷ. ತಪ್ಪು ತೀರ್ಮಾನ ಕೈಗೊಂಡವರದು, ಲೆಕ್ಕದ್ದಲ್ಲ. ಸಣ್ಣ ಘಟನೆಗಳನ್ನು ತಗ್ಗಿಸಿದರೆ ದೊಡ್ಡವೂ ತಗ್ಗುತ್ತವೆ ಎಂದು ಹೈನ್ರಿಚ್ 1931ರಲ್ಲೇ ತೋರಿಸಿದ್ದಾರೆ: ಒಂದು ಗಂಭೀರ ಗಾಯಕ್ಕೆ 29 ಸಣ್ಣ ಗಾಯಗಳು, ಗಾಯವೇ ಆಗದ 300 ಘಟನೆಗಳು. ಇದನ್ನೇ ಹೈನ್ರಿಚ್ ತ್ರಿಕೋನ ಎನ್ನುತ್ತಾರೆ.

ಅಂಕಗಣಿತ: ‘ತೋರಿಸಿದ್ದಾರೆ’ ಎಂಬ ಪದವನ್ನು ದಯವಿಟ್ಟು ಹಿಂದಕ್ಕೆ ಪಡೆಯಿರಿ. ಹೈನ್ರಿಚ್ ವಿಮಾ ಕಂಪನಿಯೊಂದರಲ್ಲಿದ್ದವರು. ಅವರ ಮುಂದೆ ಇದ್ದದ್ದು ಕಾರ್ಖಾನೆಗಳ ಅಪಘಾತದ ಕಡತಗಳು, ಅವೂ ಇಂದು ಪರಿಶೀಲನೆಗೆ ಸಿಗುವುದಿಲ್ಲ. ಯಂತ್ರಕ್ಕೆ ಬೆರಳು ಕೊಟ್ಟವರ ಲೆಕ್ಕವನ್ನು ಹಿಡಿದು ವಿಮಾನದ ಭವಿಷ್ಯ ಹೇಳುವುದು ಯಾವ ನ್ಯಾಯ?

ಬಾನಾಡಿ: ಕಡತ ಸಿಗದಿದ್ದರೇನಂತೆ? 1969ರಲ್ಲಿ ಫ್ರಾಂಕ್ ಬರ್ಡ್ 17 ಲಕ್ಷಕ್ಕೂ ಹೆಚ್ಚು ವರದಿಗಳನ್ನು ನೋಡಿ ಒಂದು ಗಂಭೀರ ಗಾಯಕ್ಕೆ 10 ಸಣ್ಣ ಗಾಯಗಳು, 30 ಆಸ್ತಿ ಹಾನಿಗಳು, ಗಾಯವೂ ಹಾನಿಯೂ ಆಗದ 600 ಘಟನೆಗಳು ಎಂಬ ಅನುಪಾತವನ್ನು ಕೊಟ್ಟರು. ಹದಿನೇಳು ಲಕ್ಷವೂ ತಮಗೆ ಸಾಲದೇ?

ಅಂಕಗಣಿತ: 300 ಇದ್ದದ್ದು 600 ಆಯಿತು! ಎರಡು ಬಾರಿ ಅಳೆದಾಗ ಎರಡು ಉತ್ತರ ಬಂದರೆ ಅದನ್ನು ನಿಯಮವೆನ್ನುವುದಿಲ್ಲ. ಇನ್ನೊಂದು ಮಾತು: ಸಣ್ಣದಕ್ಕೂ ದೊಡ್ಡದಕ್ಕೂ ಕಾರಣ ಒಂದೇ ಆಗಿದ್ದರೆ ಮಾತ್ರ ಈ ಎಣಿಕೆಗೆ ಅರ್ಥವಿದೆ. ನೆಲಕ್ಕೆ ಜೋರಾಗಿ ತಾಗಿದ ಸಾವಿರ ಇಳಿತಗಳನ್ನು ಎಣಿಸುತ್ತ ಕುಳಿತರೂ ಮ್ಯಾಕ್ಸ್‌ನ ಆ ದೋಷ ಅದರಲ್ಲಿ ಸಿಗುತ್ತಿರಲಿಲ್ಲ.

ಬಾನಾಡಿ: ಸಾವಿರ ಇಳಿತಗಳನ್ನು ಎಣಿಸಿರೆಂದು ನಾನು ಎಲ್ಲಿ ಬರೆದೆ? ಬರೆಯದ ಮಾತಿಗೆ ಉತ್ತರ ಕೊಡುವ ಹವ್ಯಾಸ ತಮ್ಮದು.

ಹಳೆಯ ಲಾಗ್‌ಬುಕ್: ನಿಮ್ಮಿಬ್ಬರ ತ್ರಿಕೋನ ಯುದ್ಧದಲ್ಲಿ ಮುಖ್ಯ ವಿಷಯವೇ ಕಾಣೆಯಾಗಿದೆ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಬಳಿಯ ಡಲ್ಲಸ್ ನಿಲ್ದಾಣಕ್ಕೆ ಬರುತ್ತಿದ್ದ ಟಿಡಬ್ಲ್ಯೂಎ 514 ಬೆಟ್ಟಕ್ಕೆ ಬಡಿದು 92 ಮಂದಿ ಸತ್ತರು. ಅದಕ್ಕೆ ಕೆಲವೇ ವಾರಗಳ ಹಿಂದೆ ಬೇರೊಂದು ಸಂಸ್ಥೆಯ ವಿಮಾನ ಅಲ್ಲಿಯೇ, ಇಳಿಯಲು ನಿಯಂತ್ರಣ ಕೇಂದ್ರ ಕೊಡುವ ಅದೇ ಸೂಚನೆಯನ್ನು ಹಾಗೆಯೇ ತಪ್ಪಾಗಿ ತಿಳಿದು, ಕೂದಲೆಳೆಯಲ್ಲಿ ಪಾರಾಗಿತ್ತು. ಆ ಸಂಸ್ಥೆ ಎಚ್ಚರಿಸಿದ್ದು ತನ್ನ ಪೈಲಟ್‌ಗಳನ್ನು ಮಾತ್ರ. 1976ರಲ್ಲಿ ನಾಸಾ, ಪೈಲಟ್‌ಗಳು ತಮ್ಮ ಹೆಸರು ಹೊರಬೀಳದಂತೆ ತಪ್ಪುಗಳನ್ನು ತಿಳಿಸುವ ಗೋಪ್ಯ ವರದಿ ವ್ಯವಸ್ಥೆಯನ್ನು ನಡೆಸತೊಡಗಿದ್ದು ಇದಾದ ಮೇಲೆ. ವಿಮಾನ ಎಷ್ಟು ವೇಗದಲ್ಲಿತ್ತು ಎಂದು ಯಂತ್ರ ಹೇಳುತ್ತದೆ; ಏಕೆ ಹಾಗಿತ್ತು ಎನ್ನುವುದನ್ನು ಪೈಲಟ್ ಹೇಳಬೇಕು. ಶಿಕ್ಷೆಯ ಭಯವಿದ್ದರೆ ಆತ ಬಾಯಿ ಬಿಡುವುದಿಲ್ಲ.

ರನ್‌ವೇ ಅಂಚು: ‘ಶಿಕ್ಷೆಯ ಭಯ’ ಇರಬಾರದು ಎಂದರೆ ತಪ್ಪು ಮಾಡಿದವರ ಬೆನ್ನು ತಟ್ಟಬೇಕೇ? ಪ್ರಯಾಣಿಕರ ಜೀವಕ್ಕೆ ಬೆಲೆಯೇ ಇಲ್ಲವೇ?

ಹಳೆಯ ಲಾಗ್‌ಬುಕ್: ಬೇಕೆಂದೇ ನಿಯಮ ಮುರಿದವರಿಗೆ ಆ ವ್ಯವಸ್ಥೆಯಲ್ಲಿ ರಕ್ಷಣೆಯಿಲ್ಲ. ಓದಿ ಬರೆಯಿರಿ.

ರನ್‌ವೇ ಅಂಚು: ಬೇಕೆಂದೇ ಮುರಿದರೋ ಅಲ್ಲವೋ ಎಂದು ನಿರ್ಧರಿಸುವವರು ಯಾರು? ಅದನ್ನು ತಾವೂ ಬರೆಯಲಿಲ್ಲ.

ಅಂಕಗಣಿತ: 600ರ ಬಗ್ಗೆ ಬಾನಾಡಿಯವರ ಉತ್ತರ ಇನ್ನೂ ಬಂದಿಲ್ಲ.

ಬಾನಾಡಿ: ಅನುಪಾತವನ್ನು ನಾನು ಕೇವಲ ನಿದರ್ಶನಕ್ಕಾಗಿ ಹೇಳಿದ್ದೆ. ನೂರಕ್ಕೆ 97 ಎಂಬ ನನ್ನ ಮೊದಲ ಮಾತನ್ನು ಇಲ್ಲಿಯವರೆಗೆ ಯಾರೂ ಅಲ್ಲಗಳೆದಿಲ್ಲ ಎಂಬುದನ್ನು ಗಮನಿಸಿ.

ಅಂಕಗಣಿತ: ‘ತೋರಿಸಿದ್ದಾರೆ’ ಎಂದು ತಾವು ಬರೆದದ್ದು ಮೇಲೆ ಹಾಗೆಯೇ ಇದೆ.