ಶವರ್ ಟ್ರೇ ಕೆಳಗೆ ನಾಲ್ಕು ಮೂಲೆಗೆ ಗಾರೆ ಇಟ್ಟರೆ ಸಾಕಾ?

ಮಹಡಿಮನೆ_ಮೈಸೂರು
ನಮಸ್ಕಾರ. 22 ವರ್ಷದ ಹಳೆ ಮನೆ, ಮಹಡಿ ಮೇಲಿನ ಬಾತ್‌ರೂಮ್ ಒಡೆಸಿದ್ದೇವೆ. 7 ಅಡಿಗೆ 5 ಅಡಿ, ಅಷ್ಟೇ. ಟೈಲ್ಸು, ಅದರ ಕೆಳಗಿನ ಇಟ್ಟಿಗೆ ಚೂರು ಎಲ್ಲಾ ತೆಗೆದಾಯಿತು, ಈಗ ಬರೀ ಸ್ಲ್ಯಾಬ್ ಇದೆ, ಪಕ್ಕದ ರೂಮಿನ ನೆಲಕ್ಕಿಂತ 9 ಇಂಚು ತಗ್ಗಿನಲ್ಲಿ. ಮೂಲೆಗೆ ಹಾಕೋಣ ಅಂತ 3 ಅಡಿ ಚೌಕದ ಅಕ್ರಿಲಿಕ್ ಶವರ್ ಟ್ರೇ (ಶವರ್ ಕೆಳಗೆ ನಿಂತು ಸ್ನಾನ ಮಾಡೋಕೆ ನೆಲಕ್ಕೆ ಕೂರಿಸುವ ತಟ್ಟೆ) ತಂದಿಟ್ಟಿದ್ದೇನೆ. ಮೇಸ್ತ್ರಿ ಹೇಳೋದು, "ನಾಲ್ಕು ಮೂಲೆಗೆ ನಾಲ್ಕು ಉಂಡೆ ಗಾರೆ ಇಟ್ಟು ಕೂರಿಸ್ತೀನಿ ಸಾರ್, ಸುತ್ತ ಸಿಲಿಕೋನ್ ಹೊಡೆದರೆ ಹನಿ ನೀರೂ ಇಳಿಯಲ್ಲ, ಟ್ರೇ ಇರೋ ಕಡೆ ವಾಟರ್‌ಪ್ರೂಫಿಂಗ್ ದಂಡ." ಆದರೆ ಟ್ರೇ ನಡುವೆ ಕೈಯಿಂದ ಒತ್ತಿದರೆ ಬಾಗುತ್ತದೆ, ಅದೇ ನನಗೆ ಅನುಮಾನ. ಕೆಳಗೆ ಬಾಡಿಗೆಯವರ ಅಡುಗೆಮನೆ. ಅವರ ಚಾವಣಿ ತೇವ ಹಿಡಿದು ಸುಣ್ಣ ಉದುರೋಕೆ ಶುರುವಾದ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಿದ್ದು. ಇನ್ನೊಂದು, ಅಮ್ಮನಿಗೆ ಮಂಡಿ ನೋವು, ಟ್ರೇ ಹತ್ತಿ ಇಳಿಯೋದು ಕಷ್ಟ ಆಗಬಹುದಾ?

ಸೈಟ್_ಇಂಜಿನಿಯರ್
ಉಂಡೆ ಬೇಡವೇ ಬೇಡ. ಅಕ್ರಿಲಿಕ್ ಟ್ರೇ ತಳಕ್ಕೆ ಪೂರ್ತಿ ಆಸರೆ ಬೇಕು. ಸುಮಾರು ಒಂದು ಇಂಚು ದಪ್ಪ ಗಾರೆ ಹರಡಿ, ಅದು ಹಸಿ ಇರುವಾಗಲೇ ಟ್ರೇ ಒತ್ತಿ ಕೂರಿಸಿ, ನಾಲ್ಕೂ ಕಡೆ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ. ಟ್ರೇಯ ಅಂಚು ಮಟ್ಟವಾಗಿಯೇ ಇರಬೇಕು, ನೀರು ಹೋಗುವ ಇಳಿಜಾರು ಟ್ರೇ ಒಳಗೇ ಮಾಡಿರುತ್ತಾರೆ. ಗಾರೆ ಬದಲು ಪಿಯು ಫೋಮ್ (ಡಬ್ಬಿಯಿಂದ ಹೊಡೆಯುವ ನೊರೆ) ತುಂಬೋಣ ಅಂದರೆ ಒಪ್ಪಬೇಡಿ, ಅದು ಉಬ್ಬಿ ಟ್ರೇಯನ್ನೇ ಎತ್ತಿಬಿಡಬಹುದು.

ಅದಕ್ಕಿಂತ ಮುಖ್ಯ, ವಾಟರ್‌ಪ್ರೂಫಿಂಗ್ ದಂಡ ಅನ್ನೋ ಮಾತು ತಪ್ಪು. ಸಿಲಿಕೋನ್ ಇವತ್ತಲ್ಲ ನಾಳೆ ಬಿಟ್ಟುಕೊಳ್ಳುತ್ತದೆ, ಆಗ ಕೆಳಗಿನವರನ್ನು ಕಾಪಾಡೋದು ಟ್ರೇ ಅಲ್ಲ, ಅದರ ಕೆಳಗಿನ ಸ್ಲ್ಯಾಬಿಗೆ ಹೊಡೆದ ವಾಟರ್‌ಪ್ರೂಫಿಂಗ್ ಕೋಟು. ಗೋಡೆ ನೆಲ ಸೇರುವ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಿಸಿ, ಪಾಲಿಮರ್ ಸಿಮೆಂಟ್ ಕೋಟು ಎರಡು ಸಲ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಶವರ್ ಇರುವ ಗೋಡೆಗೆ 6 ಅಡಿವರೆಗೆ. ಒಣಗಿದ ಮೇಲೆ ಪೈಪಿನ ಬಾಯಿ ಮುಚ್ಚಿ ಸ್ಲ್ಯಾಬ್ ಮೇಲೆ ನೀರು ತುಂಬಿ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆ ಮೇಲೆ ಪೆನ್ಸಿಲ್ ಗೆರೆ ಹಾಕಿ, ಕಡಿಮೆ ಅಂದರೆ 24 ಗಂಟೆ ಬಿಡಿ. ಈ ಪರೀಕ್ಷೆ ಮುಗಿಯೋವರೆಗೆ ಟ್ರೇ ಕೂರಿಸಲೇಬೇಡಿ.

ಅಮ್ಮನ ವಿಷಯಕ್ಕೆ, 9 ಇಂಚು ತಗ್ಗು ಸಿಕ್ಕಿದ್ದು ನಿಮ್ಮ ಪುಣ್ಯ. ಟ್ರೇಯನ್ನು ಇಳಿಸಿ ಕೂರಿಸಿದರೆ ಅದರ ಅಂಚು ಟೈಲ್ಸ್ ಮಟ್ಟಕ್ಕೇ ಬರುತ್ತದೆ, ಹತ್ತೋ ಮಾತೇ ಇಲ್ಲ.

ಕಿರ್ರ್_ಸದ್ದು
ನಮ್ಮ ಮನೆಯಲ್ಲಿ ಇದೇ ನಾಲ್ಕು ಉಂಡೆ ಕಥೆ. ಮೊದಮೊದಲು ನಿಂತಾಗೆಲ್ಲ ಕಿರ್ರ್ ಅನ್ನುತ್ತಿತ್ತು, ನಾವೂ ಸುಮ್ನೆ ಇದ್ದೆವು. ಎಂಟು ತಿಂಗಳಿಗೆ ಜಾಲರಿ ಪಕ್ಕ ಕೂದಲೆಳೆ ಬಿರುಕು. ಟ್ರೇ ತೆಗೆಯಬೇಕು ಅಂದರೆ ಗೋಡೆಯ ಕೆಳಗಿನ ಸಾಲು ಟೈಲ್ಸ್ ಒಡೆಯಲೇಬೇಕು, ಯಾಕೆಂದರೆ ಟೈಲ್ಸ್ ಟ್ರೇಯ ಅಂಚಿನ ಮೇಲೆ ಕೂತಿರುತ್ತದೆ. ಅದೇ ಟೈಲ್ಸ್ ಮತ್ತೆ ಅಂಗಡಿಯಲ್ಲಿ ಸಿಗಲಿಲ್ಲ, ಈಗ ಆ ಒಂದು ಸಾಲು ಬೇರೆ ಬಣ್ಣ. ಬಂದ ನೆಂಟರಿಗೆಲ್ಲ ಡಿಸೈನ್ ಅಂತ ಹೇಳ್ತೀವಿ.

ಪ್ಲಂಬರ್‌ಗೆ ಒಂದು ಮಾತು ಕೇಳಿ. ಟ್ರೇ ಜೊತೆ ಬರುವ ವೇಸ್ಟ್‌ನಲ್ಲೇ (ನೀರು ಹೊರಗೆ ಹೋಗುವ ಬಾಯಿ) ಟ್ರ್ಯಾಪ್, ಅಂದರೆ ವಾಸನೆ ತಡೆಯೋಕೆ ಸ್ವಲ್ಪ ನೀರು ಹಿಡಿದಿಡುವ ಭಾಗ, ಇದೆಯಾ? ಇದ್ದರೆ ಕೆಳಗೆ ಇನ್ನೊಂದು ನಹಾನಿ ಟ್ರ್ಯಾಪ್ (ಬಚ್ಚಲ ನೆಲದಲ್ಲಿ ಕೂರಿಸುವ ಟ್ರ್ಯಾಪ್) ಇಡಬೇಡಿ, ಎರಡರ ನಡುವೆ ಗಾಳಿ ಸಿಕ್ಕಿಕೊಂಡು ನೀರು ನಿಧಾನ ಆಗುತ್ತದೆ. ಕೂದಲು ಮೇಲಿನಿಂದಲೇ ತೆಗೆಯೋಕೆ ಬರುವಂಥದ್ದು ಹಾಕಿಸಿ. ಸಿಲಿಕೋನ್ ಹೊಡೆಯೋ ದಿನ ಟ್ರೇ ತುಂಬ ನೀರು ಇರಲಿ, ಭಾರಕ್ಕೆ ಸಂದು ಎಷ್ಟು ಅಗಲ ಆಗಬೇಕೋ ಅಷ್ಟು ಆಗಿರುತ್ತದೆ. ಸಿಲಿಕೋನ್ ಒಣಗಿದ ಮೇಲೆಯೇ ಟ್ರೇಯ ನೀರು ಹೊರಗೆ ಬಿಡಿ.

ಬಕೆಟ್_ಚೊಂಬು
ಟ್ರೇ ಯಾಕ್ರೀ ಬೇಕು? ಬಕೆಟ್ ಇಟ್ಟು ಚೊಂಬಿನಲ್ಲಿ ಸ್ನಾನ ಮಾಡುವ ಮನೆಗೆ 3 ಅಡಿ ಟ್ರೇ ಸಾಲೋದಿಲ್ಲ, ಕೂರೋಕೆ ಮಣೆ ಇಡೋದೆಲ್ಲಿ? ಆ ಜಾಗವನ್ನು ಒಂದು ಇಂಚು ತಗ್ಗಿಸಿ, ಅಂಚಿಗೆ ಗ್ರಾನೈಟ್ ಪಟ್ಟಿ ಕೊಟ್ಟು, ಜಾರದ ಚಿಕ್ಕ ಟೈಲ್ಸ್ ಹಾಕಿಸಿ. ಅಡಿಗೆ ಕಾಲು ಇಂಚು ಇಳಿಜಾರು ಸಾಕು. ದೊಡ್ಡ ಟೈಲ್ಸ್ ಆದರೆ ನಾಲ್ಕು ಕಡೆಯಿಂದ ಜಾಲರಿಗೆ ಇಳಿಜಾರು ಬರಿಸೋದು ಕಷ್ಟ. ಬೋರ್‌ವೆಲ್ ನೀರಾದರೆ ಅಕ್ರಿಲಿಕ್ ಮೇಲೆ ಬಿಳಿ ಕಲೆ ಬೇರೆ. ಅದಕ್ಕೆ ಆ್ಯಸಿಡ್ ಹಾಕಿದರೆ ಹೊಳಪೇ ಹೋಗುತ್ತದೆ.

ಮಹಡಿಮನೆ_ಮೈಸೂರು
ಅಂಗಡಿಯವರು ಟ್ರೇ ವಾಪಸ್ ತಗೊಳ್ಳಲ್ಲ ಅಂದರು, ಹಾಗಾಗಿ ಟ್ರೇಯೇ ಗತಿ. ತಗ್ಗಿಸಿಯೇ ಕೂರಿಸೋದು ಅಂತ ತೀರ್ಮಾನ. ಅಮ್ಮನಿಗೆ ಕೆಳಗಿನ ಬಚ್ಚಲೇ ಇಷ್ಟವಂತೆ, ಇಷ್ಟು ದಿನ ಹೇಳಿರಲಿಲ್ಲ!

ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ. ಕೋಟು ಆಗಿ ಒಣಗಿದ ಮೇಲೆ ನಿನ್ನೆ ಸಂಜೆ 6ಕ್ಕೆ ನೀರು ನಿಲ್ಲಿಸಿದೆ. ಬೆಳಗ್ಗೆ ನೋಡಿದರೆ ಗೆರೆಗಿಂತ ಅರ್ಧ ಇಂಚು ಕೆಳಗೆ. ಕೆಳಗಿನ ಮನೆಗೆ ಓಡಿ ನೋಡಿದೆ, ಪೈಪ್ ಇಳಿಯುವ ಜಾಗದ ಸುತ್ತ ಬಳೆಯ ಹಾಗೆ ಒದ್ದೆ, ಉಳಿದ ಚಾವಣಿ ಪೂರ್ತಿ ಒಣ. ಪೈಪ್ ಸ್ಲ್ಯಾಬ್ ದಾಟುವ ತೂತಿಗೆ ಸುಮ್ನೆ ಸಿಮೆಂಟ್ ಮೆತ್ತಿ ಅದರ ಮೇಲೆಯೇ ಕೋಟು ಎಳೆದಿದ್ದರು. ಮೇಸ್ತ್ರಿ ಮಾತಾಡದೆ ಉಳಿ ಹಿಡಿದು ಅಲ್ಲೇ ಕೆತ್ತುತ್ತಿದ್ದಾರೆ.

ಸೈಟ್_ಇಂಜಿನಿಯರ್
ಕೆತ್ತಿದ ಕಡೆ ಮಾಮೂಲಿ ಸಿಮೆಂಟ್ ಬೇಡ, ಒಣಗಿದಾಗ ಕುಗ್ಗಿ ಮತ್ತೆ ಸಂದು ಬಿಡುತ್ತದೆ. ಕುಗ್ಗದ ಗ್ರೌಟ್ ಅಂತಲೇ ಸಿಗುತ್ತದೆ, ಅದನ್ನು ತುಂಬಿಸಿ, ಮೇಲೆ ಕೋಟು. ಆಮೇಲೆ ಇನ್ನೊಂದು ಸಲ ನೀರು ನಿಲ್ಲಿಸಿ ನೋಡಿ, ಈ ಸಲ 48 ಗಂಟೆ.