ಟಿಪ್ಪುವಿನ ಡೇರೆ ಇರುವ ಪೋವಿಸ್ ಕೋಟೆ: ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಕೋಲಾರದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಅಣ್ಣ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸದಲ್ಲಿದ್ದಾನೆ. ಈ ಸಲ ಅಪ್ಪ, ಅಮ್ಮ, ನಾನು ಮೂವರೂ ಅವನ ಮನೆಗೆ ಹೊರಟಿದ್ದೇವೆ. ಅಪ್ಪ ಇಲ್ಲೇ ಕೋಲಾರದ ಕಡೆ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವರು. ಲಂಡನ್ ನೋಡದಿದ್ದರೂ ಪರವಾಗಿಲ್ಲ, ವೇಲ್ಸ್‌ನಲ್ಲಿ ಗುಡ್ಡದ ಮೇಲೆ ಪೋವಿಸ್ ಅಂತ ಒಂದು ಕೋಟೆ ಇದೆಯಂತೆ, ಅಲ್ಲಿ ಟಿಪ್ಪುವಿನ ಡೇರೆ ಇಟ್ಟಿದ್ದಾರಂತೆ, ಅದೊಂದು ತೋರಿಸಿಬಿಡಿ ಸಾಕು ಅಂತ ಕೂತಿದ್ದಾರೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಜಾಸ್ತಿ ಇದ್ದರೆ ಕಷ್ಟ. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದಾ? ಅಲ್ಲಿ ನಿಜವಾಗಿಯೂ ನೋಡುವಂಥದ್ದು ಇದೆಯಾ, ಅಥವಾ ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕು ಸಾಮಾನು ಇಟ್ಟಿದ್ದಾರಾ? ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ.

ಮಾಲೂರಿನವ:
ಹೋಗಿ ಬನ್ನಿ ಮೇಡಂ, ಎರಡನೇ ಯೋಚನೆ ಬೇಡ. ಬರ್ಮಿಂಗ್‌ಹ್ಯಾಮ್‌ನಿಂದ ವೆಲ್ಷ್‌ಪೂಲ್ ಅನ್ನೋ ಊರಿಗೆ ನೇರ ರೈಲಿದೆ, ಸುಮಾರು ಒಂದೂವರೆ ಗಂಟೆ. ಸ್ಟೇಷನ್ನಿನಿಂದ ಕೋಟೆ ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ಆದರೆ ದಾರಿ ಏರು, ಅಮ್ಮನನ್ನು ನಡೆಸಬೇಡಿ, ಟ್ಯಾಕ್ಸಿ ಹೇಳಿಬಿಡಿ. ಅಣ್ಣನ ಹತ್ತಿರ ಕಾರಿದ್ದರೆ ಇನ್ನೂ ಸುಲಭ.

ಕೋಟೆ 13ನೇ ಶತಮಾನದ್ದು. ಕಟ್ಟಿಸಿದವರು ವೇಲ್ಸ್‌ನ ಪೋವಿಸ್ ನಾಡಿನ ರಾಜರು. ಕೆಂಪು ಕಲ್ಲಿನ ಗೋಡೆ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ. ಈಗ ಹಳೇ ಮನೆ, ಕೋಟೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತದೆ. ಟಿಪ್ಪುವಿನ ವಸ್ತುಗಳು ಇರುವುದು ಕೋಟೆಯ ರಾಜರ ಕೋಣೆಗಳಲ್ಲಿ ಅಲ್ಲ, ಬಾಲ್‌ರೂಮ್ ಕಡೆ ಇರುವ ಕ್ಲೈವ್ ಮ್ಯೂಸಿಯಂನಲ್ಲಿ. ಸಮಯ ಕಮ್ಮಿ ಇದ್ದರೆ ಮೊದಲು ಅಲ್ಲಿಗೇ ಹೋಗಿ.

ಡೇರೆ ಅಂದರೆ ನಮಗೆ ಜಾತ್ರೆಯಲ್ಲಿ ಹಾಕುವ ಖಾಕಿ ಟೆಂಟ್ ನೆನಪಿಗೆ ಬರುತ್ತದೆ ಅಲ್ವಾ, ಇದು ಹಾಗಲ್ಲ. ಬಿಳಿ ಹತ್ತಿ ಬಟ್ಟೆ, ಅದರ ಮೇಲೆ ಬಣ್ಣದ ಕೆಲಸ. ಸಾಲಾಗಿ ಕಮಾನುಗಳು, ಒಂದೊಂದು ಕಮಾನಿನೊಳಗೆ ಒಂದು ಹೂದಾನಿ, ಅದರಿಂದ ಎರಡೂ ಕಡೆ ಸರಿಸಮವಾಗಿ ಬಾಗಿದ ಕೆಂಪು ಹೂವು, ಹಸಿರು ಎಲೆ. ಹತ್ತಿರ ನಿಂತು ನೋಡಿದರೆ ಹೂವಿನ ಎಸಳಿನ ಅಂಚಿನಲ್ಲಿ ಬಣ್ಣ ಎಲ್ಲಿ ಗಾಢ, ಎಲ್ಲಿ ತೆಳು ಅನ್ನುವುದೂ ಕಾಣುತ್ತದೆ. ಬಟ್ಟೆ 1725ರಿಂದ 1750ರ ಹೊತ್ತಿನದು ಅಂತ ಹೇಳುತ್ತಾರೆ, ಅಂದರೆ ಟಿಪ್ಪುವಿಗಿಂತ ಹಳೆಯದು. ಇಷ್ಟು ವರ್ಷವಾದರೂ ಕೆಂಪು ಕೆಂಪಾಗಿಯೇ ಇದೆ. ಬಟ್ಟೆ ಹಾಳಾಗಬಾರದು ಅಂತ ಒಳಗೆ ಬೆಳಕು ತುಂಬಾ ಕಮ್ಮಿ ಇಟ್ಟಿರುತ್ತಾರೆ. ಕಣ್ಣು ಹೊಂದಿಕೊಳ್ಳುವವರೆಗೂ ಸ್ವಲ್ಪ ನಿಲ್ಲಿ, ಅವಸರ ಮಾಡಬೇಡಿ.

ಇನ್ನೊಂದು, ಟಿಪ್ಪುವಿನ ಸಿಂಹಾಸನದ ಹುಲಿ ತಲೆ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಚಿನ್ನದ ಮುಖದ ತುಂಬ ಕೆಂಪು, ವಜ್ರ, ಪಚ್ಚೆ ಕೂರಿಸಿದ್ದಾರೆ. ಜನ ಡೇರೆ ನೋಡಿಕೊಂಡು ಇದನ್ನು ಗಮನಿಸದೆ ಮುಂದೆ ಹೋಗಿಬಿಡುತ್ತಾರೆ.

ಚಿಂತಾಮಣಿ ಕಡೆಯವಳು:
ನನಗೆ ಇದು ಸರಿ ಕಾಣುವುದಿಲ್ಲ ಅಕ್ಕ. ನಮ್ಮ ಮನೆಯಿಂದ ದೋಚಿಕೊಂಡು ಹೋದದ್ದನ್ನು ನಾವೇ ದುಡ್ಡು ಕೊಟ್ಟು ನೋಡಬೇಕಾ? ಆ ಡೇರೆಯನ್ನು ಪೋವಿಸ್ ಮನೆಯವರು ತೋಟದಲ್ಲಿ ಹಾಕಿ ಪಾರ್ಟಿ ಮಾಡುತ್ತಿದ್ದರಂತೆ. ಓದಿದಾಗಲೇ ಹೊಟ್ಟೆ ಉರಿಯಿತು. ಟಿಪ್ಪುವಿನ ಹುಲಿ ಲಂಡನ್ನಿನ ವಿ ಅಂಡ್ ಎ ಮ್ಯೂಸಿಯಂನಲ್ಲಿದೆ, ಬಿಳಿಯ ಸಿಪಾಯಿಯ ಮೇಲೆ ಬಿದ್ದಿರುವ ಆ ಮರದ ಹುಲಿ. ಅಲ್ಲಿ ಟಿಕೆಟ್ ಇಲ್ಲ. ಮಂಡಿ ನೋವಿನವರನ್ನು ಗುಡ್ಡ ಹತ್ತಿಸುವ ಬದಲು ಅಲ್ಲಿಗೆ ಕರೆದುಕೊಂಡು ಹೋಗಿ.

ನಂದಿ ತಪ್ಪಲು:
ತಂಗಿ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ನನಗೂ ಇದೆ. ಆದರೆ ಮೇಷ್ಟ್ರು ಅಲ್ಲಿಗೆ ಹೋಗಲೇಬೇಕು ಅಂತ ನಾನು ಹೇಳುವುದೂ ಅದಕ್ಕೇ.

1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆಮೇಲೆ ನಡೆದದ್ದು ಸುಮ್ನೆ ಸಿಪಾಯಿಗಳ ಲೂಟಿ ಮಾತ್ರ ಅಲ್ಲ. ಖಜಾನೆಯನ್ನು ಲೆಕ್ಕ ಹಾಕಿ, ಅಧಿಕಾರಿಗೆ ಇಷ್ಟು, ಸಿಪಾಯಿಗೆ ಇಷ್ಟು ಅಂತ ದರ್ಜೆ ನೋಡಿ ಹಂಚುವುದಕ್ಕೆ ಒಂದು ಸಮಿತಿಯೇ ಇತ್ತು. ಹಂಚಲು ಸುಲಭ ಆಗಲಿ ಅಂತ ಸಿಂಹಾಸನವನ್ನೇ ಒಡೆದು ತುಂಡು ಮಾಡಿದರು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅದನ್ನು ಇಡಿಯಾಗಿ ತಮ್ಮ ರಾಜನಿಗೆ ಕಳಿಸುವ ಆಸೆ ಇತ್ತು, ಗೊತ್ತಾಗುವ ಹೊತ್ತಿಗೆ ಕೆಲಸ ಮುಗಿದಿತ್ತು. ಸಿಂಹಾಸನದ ಸುತ್ತ ಅಂಥ ಎಂಟು ಚಿಕ್ಕ ಹುಲಿ ತಲೆ ಇದ್ದವು, ಅದರಲ್ಲಿ ಒಂದು ಈಗ ಪೋವಿಸ್‌ನಲ್ಲಿದೆ. ಸಿಂಹಾಸನದ ಮುಂದಿದ್ದ ದೊಡ್ಡ ಹುಲಿ ತಲೆ, ಮೇಲಿದ್ದ ಹುಮಾ ಅನ್ನುವ ಕಥೆಯ ಹಕ್ಕಿಯ ಬೊಂಬೆ ಎರಡೂ ವಿಂಡ್ಸರ್ ಕೋಟೆ ಸೇರಿದವು. ಒಂದೇ ಸಿಂಹಾಸನ, ಎಷ್ಟು ಮನೆಗೆ ಹಂಚಿಹೋಯಿತು ನೋಡಿ. ಮಕ್ಕಳಿಗೆ ಪಾಠ ಮಾಡಿದವರು ಅದರ ಒಂದು ತುಂಡನ್ನಾದರೂ ಎದುರಿಗೆ ನಿಂತು ನೋಡಬೇಕು.

ಪೋವಿಸ್‌ಗೇ ಯಾಕೆ ಬಂತು ಅಂದರೆ, ಆಗ ಮದ್ರಾಸಿನ ಗವರ್ನರ್ ಆಗಿದ್ದವನು ಎಡ್ವರ್ಡ್ ಕ್ಲೈವ್, ಪ್ಲಾಸಿ ಯುದ್ಧದ ರಾಬರ್ಟ್ ಕ್ಲೈವ್‌ನ ಮಗ. ಅವನ ಹೆಂಡತಿ ಹೆನ್ರಿಯೆಟ್ಟಾ ಪೋವಿಸ್ ಮನೆಯ ಮಗಳು. 1800ರಲ್ಲಿ ಆಕೆ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮದ್ರಾಸಿನಿಂದ ಮೈಸೂರು ಸೀಮೆಗೆ ಬಂದು ಸುತ್ತಿ, ಡೈರಿ ಕೂಡ ಬರೆದಿದ್ದಾಳೆ. ಅಪ್ಪ ಮಗ ಇಬ್ಬರ ಕಾಲದ ಸಾಮಾನೂ ಆ ಮನೆಯಲ್ಲಿ ಸೇರಿಕೊಂಡಿತು. 2020ರಲ್ಲಿ ನ್ಯಾಷನಲ್ ಟ್ರಸ್ಟ್ ತನ್ನ ಕೈಲಿರುವ ಮನೆಗಳಿಗೂ ವಸಾಹತು ಆಳ್ವಿಕೆಗೂ ಇದ್ದ ಸಂಬಂಧದ ಬಗ್ಗೆ ವರದಿ ಹೊರಡಿಸಿತು, ಅದರಲ್ಲಿ ಪೋವಿಸ್ ಕೂಡ ಇದೆ. ನಮ್ಮವರು ಹೋಗಿ ನಿಂತು ಪ್ರಶ್ನೆ ಕೇಳಿದರೆ ಅಲ್ಲಿಯ ಬೋರ್ಡಿನಲ್ಲಿ ಬರೆಯುವ ಮಾತೂ ಬದಲಾಗುತ್ತದೆ, ದೂರ ಉಳಿದರೆ ಯಾರು ಕೇಳುತ್ತಾರೆ ಹೇಳಿ?

ಇನ್ನೊಂದು ಮಾತು ಕೋಲಾರದ ಹುಡುಗಿಗೆ. ವಿಮಾನ ಹತ್ತುವ ಮೊದಲು ಅಪ್ಪನನ್ನು ಬೂದಿಕೋಟೆಗೆ ಒಂದು ಸಲ ಕರೆದುಕೊಂಡು ಹೋಗಿ. ಹೈದರ್ ಅಲಿ ಹುಟ್ಟಿದ್ದು ಅಲ್ಲೇ, ನಿಮ್ಮ ಬಂಗಾರಪೇಟೆ ತಾಲೂಕು. ಹೈದರನ ತಂದೆಯ ಸಮಾಧಿ ಕೋಲಾರ ಪೇಟೆಯಲ್ಲೇ ಇದೆ. ಆಗಿದ್ದರೆ ನಂದಿ ಬೆಟ್ಟಕ್ಕೂ ಬನ್ನಿ. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಆ ಕೋಟೆ ಹಿಡಿದದ್ದು ವಾರಗಟ್ಟಲೆ ಮುತ್ತಿಗೆ ಹಾಕಿದ ಮೇಲೆ. ಗೋಡೆ ಪಕ್ಕ ನಿಂತು ಕೆಳಗಿನ ಪ್ರಪಾತ ನೋಡಿದರೆ ಯಾಕೆ ಅಷ್ಟು ದಿನ ಬೇಕಾಯಿತು ಅಂತ ತಾನೇ ಗೊತ್ತಾಗುತ್ತದೆ. ಇಷ್ಟು ನೋಡಿಕೊಂಡು ಪೋವಿಸ್‌ಗೆ ಹೋದರೆ ಆ ಡೇರೆ ಬರೀ ಬಟ್ಟೆಯಾಗಿ ಕಾಣುವುದಿಲ್ಲ.

ಚಿಂತಾಮಣಿ ಕಡೆಯವಳು:
ಪ್ರಶ್ನೆ ಕೇಳುವುದಕ್ಕೆ ಹೋಗಬೇಕು ಅನ್ನುವುದನ್ನು ಒಪ್ಪುತ್ತೇನೆ. ವಾಪಸ್ ಕೊಡಬೇಕು ಅನ್ನುವುದನ್ನು ಮಾತ್ರ ಬಿಡುವುದಿಲ್ಲ. ಅಕ್ಕ, ಮೇಷ್ಟ್ರಿಗೆ ಹೇಳಿ, ಅಲ್ಲಿ ಅನಿಸಿಕೆ ಬರೆಯುವ ಪುಸ್ತಕ ಇದ್ದರೆ ಕನ್ನಡದಲ್ಲೇ ಬರೆಯಲಿ.

ಕೋಲಾರದ ಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ, ಈ ಭಾನುವಾರವೇ ಬೂದಿಕೋಟೆಗೆ ಹೋಗೋಣ ಅಂತಿದ್ದಾರೆ. ಮಾಲೂರಿನವರೇ, ಒಳಗೆ ಮೆಟ್ಟಿಲು ಎಷ್ಟರಮಟ್ಟಿಗೆ? ಡೇರೆ ಯಾವಾಗಲೂ ಇರುತ್ತದಾ?

ಮಾಲೂರಿನವ:
ರಾಜರ ಕೋಣೆಗಳಿಗೆ ಮೆಟ್ಟಿಲು ಹತ್ತಲೇಬೇಕು, ಹಳೇ ಕೋಟೆ ಅಲ್ವಾ. ತೋಟದಲ್ಲೂ ಇಳಿಜಾರು ಜಾಸ್ತಿ. ಅಮ್ಮ ಮೇಲಿನ ಹಂತದಲ್ಲೇ ಬೆಂಚಿನ ಮೇಲೆ ಕೂತರೆ ಕೆಳಗಿನ ತೋಟ, ದೂರದ ಬಯಲು ಎಲ್ಲ ಅಲ್ಲಿಂದಲೇ ಕಾಣುತ್ತದೆ.

ಡೇರೆಯ ವಿಷಯಕ್ಕೆ ಹೊರಡುವ ಮೊದಲು ಫೋನ್ ಮಾಡಿ ಇಲ್ಲವೇ ಮೇಲ್ ಹಾಕಿ ಕೇಳಿಬಿಡಿ. ಹಳೇ ಬಟ್ಟೆಯನ್ನು ಆಗಾಗ ತೆಗೆದು ಒಳಗಿಡುವುದುಂಟು, ಬೇರೆ ಕಡೆಗೂ ಕಳಿಸುತ್ತಾರೆ. 2015ರಲ್ಲಿ ವಿ ಅಂಡ್ ಎ ಮ್ಯೂಸಿಯಂ ಭಾರತದ ಬಟ್ಟೆಗಳ ಪ್ರದರ್ಶನ ಮಾಡಿದಾಗ ಈ ಡೇರೆ ಲಂಡನ್ನಿನಲ್ಲಿತ್ತು. ಕೋಟೆಯ ಬಾಗಿಲು ತೋಟಕ್ಕಿಂತ ತಡವಾಗಿ ತೆರೆಯುವುದೂ ಉಂಟು, ಅದನ್ನೂ ಕೇಳಿಕೊಂಡೇ ರೈಲು ಟಿಕೆಟ್ ಮಾಡಿಸಿ.